ಉಸುಕಿನ ಗಂಟು ಮತ್ತು ನಾನು ತೆಗೆದುಹಾಕಿದ ಪ್ಯಾರಾ

ಚಿಗವ್ವಾ,

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಸಮಸ್ತ ಮಹಾಜನರ ಸಮಕ್ಷಮದಲ್ಲಿ, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ನಾನು ಪ್ರಕಟಿಸುವುದೇನೆಂದರೆ: ನಮ್ಮ ಮನೆಯ ಬಿಸಿನೀರಿನ ರಬ್ಬರ್ ಚೀಲವು ಹನ್ನೊಂದು ವರ್ಷಗಳ ನಿಷ್ಕಳಂಕ ಸೇವೆಯ ನಂತರ ನಿನ್ನೆ ಮಧ್ಯಾಹ್ನ ಹಾಸಿಗೆಯ ಮೇಲೆಯೇ ನಿವೃತ್ತಿ ಹೊಂದಿದೆ. ನಿವೃತ್ತಿ ಎಂದರೆ ಸೋರಿದೆ. ಬೀಳ್ಕೊಡುಗೆ ಸಮಾರಂಭ ಇರುವುದಿಲ್ಲ. ಗಾದಿ ಒಣಗುವವರೆಗೆ ಶೋಕಾಚರಣೆ ಇರುತ್ತದೆ.

ಹೊಸದನ್ನು ತರಲು ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಕೆಂಪು, ನೀಲಿ ಎರಡನ್ನೂ ತೆಗೆದು ಗಾಜಿನ ಮೇಲೆ ಹರವಿದ. "ಸೊಂಟಕ್ಕೋ, ಮಣಕಾಲಿಗೋ ಸರ್? ಈ ನೀಲಿದು ಭಾಳ ಛಲೋ ಐತ್ರಿ. ಕಾವು ಒಳತನಕ ಹೊಕ್ಕತೈತಿ."

"ಒಳಗ ಎಷ್ಟು ಕಾದೈತಿ ಅಂತ ಹೊರಗಿನವ್ರಿಗೆ ಹೆಂಗ ಗೊತ್ತಾಗತೈತ್ರಿ?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಿದ. ಭಾನುವಾರದ ಪತ್ರಿಕೆಯಲ್ಲಿ ನಗೆ ಅಂಕಣ ಬರೆಯುವ ಮನುಷ್ಯ ಎಂದು ಗೊತ್ತು ಅವನಿಗೆ. ನಗಲೋ ಬೇಡವೋ ಎಂದು ತೂಗಿ ನೋಡಿ, ಕೊನೆಗೆ ನಕ್ಕೇಬಿಟ್ಟ. ಆ ಪ್ರಶ್ನೆ ನನ್ನದಲ್ಲ ಚಿಗವ್ವ, ನಿನ್ನದು. ನೀನು ಕೇಳಿದಾಗ ನಕ್ಕವನು ನಾನು. ಬರಿಗೈಯಲ್ಲಿ ಮನೆಗೆ ಬಂದು, ಒದ್ದೆ ಗಾದಿಯ ಪಕ್ಕ ಕುರ್ಚಿ ಹಾಕಿಕೊಂಡು, ಒಂದು ವರ್ಷದಿಂದ ಬರೆಯಬೇಕಾಗಿದ್ದ ಈ ಕಾಗದವನ್ನು ಈಗ ಬರೆಯುತ್ತಿದ್ದೇನೆ.

ನಿನ್ನ ಗಂಗಾವತಿಯ ಮಂಡಾಳ ಭಟ್ಟಿ, ಮಂಡಕ್ಕಿ ಹುರಿಯುವ ಆ ದೊಡ್ಡ ಒಲೆ, ನೆನಪಾಗುತ್ತದೆ. ಸಾಲಿ ಸೂಟಿ ಬಿಟ್ಟ ಕೂಡಲೇ ಅವ್ವ ನನ್ನನ್ನು ಕೊಪ್ಪಳದಲ್ಲಿ ಬಸ್ಸು ಹತ್ತಿಸಿ ನಿನ್ನ ಹತ್ತಿರ ಕಳಿಸುತ್ತಿದ್ದಳು. ಅವಳ ಬೆನ್ನ ಹಿಂದೆ ಹುಟ್ಟಿದವಳು ನೀನು. ಅವಳು ಹೋದ ಮೇಲೆ ಅವಳ ಪಾಲಿನ ಬೈಗುಳಗಳನ್ನೂ ನೀನೇ ವಹಿಸಿಕೊಂಡು ನಿಷ್ಠೆಯಿಂದ ನಡೆಸಿಕೊಂಡು ಬಂದೆ. ಭಟ್ಟಿಯ ಮುಂದೆ ಗಿಡ್ಡ ಮಣೆ, ಕೆಳಗೆ ಭತ್ತದ ಹೊಟ್ಟಿನ ಉರಿ, ಮೇಲೆ ಕಬ್ಬಿಣದ ಬಾಣಲೆ, ಅದರ ತುಂಬ ಕರಿ ಉಸುಕು. ಉಪ್ಪುನೀರು ಕುಡಿದು ಒಣಗಿದ ಅಕ್ಕಿಯನ್ನು ಸುರಿಯುವ ಮೊದಲು ನೀನು ನಾಲ್ಕೇ ನಾಲ್ಕು ಕಾಳು ಒಗೆಯುತ್ತಿದ್ದೆ. ಅರಳಿದರೆ ಸರಿ. ಕೆಂಪಾದರೆ ಉರಿ ಹಿಂದಕ್ಕೆಳೆ. ಸುಮ್ಮನೆ ಬಿದ್ದುಕೊಂಡರೆ ತಡಿ.

"ಕೈಯಿಟ್ಟು ನೋಡಿದ್ರ ಗೊತ್ತಾಗಂಗಿಲ್ಲೇನು?" ಎಂದು ನಾನೊಮ್ಮೆ ಕೇಳಿದ್ದೆ.

"ಕೈಯಿಟ್ರ ನಿನ್ನ ಕೈ ಬೆಂದದ್ದು ಗೊತ್ತಾಗತೈತಿ. ಉಸುಕು ಎಷ್ಟು ಕಾದೈತಿ ಅನ್ನೂದು ಕಾಳಿಗೇ ಗೊತ್ತು. ಅದನ್ನ ಕೇಳಬೇಕು."

ಆ ಮಾತನ್ನು ಆಗಲೇ ಬರೆದಿಟ್ಟುಕೊಂಡಿದ್ದರೆ... ಇರಲಿ. ನಾನು ಬರೆದಿಟ್ಟುಕೊಂಡದ್ದು ಬರೀ ನಗೆಚಟಾಕಿಗಳನ್ನು.

ತೊಡೆಯ ವಿಷಯ ನೀನು ಮೊದಲು ಹೇಳಿದ್ದೂ ನನಗೇ. ಹನುಮನಹಳ್ಳಿಗೆ ಹೋಗಿದ್ದೆವು, ನೆನಪಿದೆಯಾ? ಅಂಜನಾದ್ರಿಯ ಮೆಟ್ಟಿಲನ್ನು ಪ್ರತಿ ವರ್ಷ ನನಗಿಂತ ಮೊದಲು ಹತ್ತಿ, ಮೇಲೆ ನಿಂತು ನನ್ನ ಹೊಟ್ಟೆಯ ಬಗ್ಗೆ ಸಾರ್ವಜನಿಕ ಭಾಷಣ ಮಾಡುವವಳು, ಅಂದು ಅರ್ಧಕ್ಕೇ ಕೂತುಬಿಟ್ಟೆ.

"ಈ ವರ್ಷ ಮೆಟ್ಲ ಹೆಚ್ಚ ಮಾಡ್ಯಾರೇನು ಚಿಗವ್ವ?" ಎಂದೆ.

"ಮೆಟ್ಲ ಅಷ್ಟ ಅದಾವೋ ಪೇಪರಪ್ಪ. ತೊಡಿಯೊಳಗ ಒಂದು ಗಡ್ಡಿ ಬಂದು ಕುಂತೈತಿ. ಅದು ಹತ್ತಾಕ ಒಲ್ಲೆ ಅಂತೈತಿ."

ಪೇಪರಪ್ಪ ಎಂದು ನೀನಿಟ್ಟ ಹೆಸರು. ನಿನ್ನ ಮಗಳು ಸುಮಿ ಸಿಟ್ಟು ಬಂದಾಗ ಮಾತ್ರ ಅದನ್ನು ಬಳಸುತ್ತಾಳೆ. ಇತ್ತೀಚೆಗೆ ದಿನಾ ಬಳಸುತ್ತಾಳೆ.

ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ನಾವು ಮೂವರೂ ಹೋದೆವು. ಸೂಜಿ ಹಾಕಿ ತೆಗೆದ ಚೂರಿನ ವರದಿ ಬಂತು: ಕ್ಯಾನ್ಸರ್ ಗಡ್ಡೆ. ಸುಮಿಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಿನ್ನ ಕೈ ಹಿಡಿದುಕೊಂಡು ಹೇಳಿದರು: ಮೊದಲು ಐದು ವಾರ ಕರೆಂಟು ಕೊಡುತ್ತೇವೆ, ಆಮೇಲೆ ಆಪರೇಷನ್ನು, ತಡ ಮಾಡಬೇಡಿ. ಕರೆಂಟು ಎಂದರೆ ವಿಕಿರಣ. ಎಲ್ಲಿ ಕೊಡಬೇಕೆಂದು ತೊಡೆಯ ಮೇಲೆ ಗುರುತು ಹಾಕಲು ಹದಿನೆಂಟು ದಿನದ ನಂತರದ ತಾರೀಖು ಸಿಕ್ಕಿತು. ಬಸ್ಸಿನಲ್ಲಿ ವಾಪಸು ಬರುವಾಗ ನೀನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದೆ: "ಕೊಯ್ಯೂದು ಇಲ್ದಂಗ ಏನರ ಐತೇನು ನೋಡೋ. ನಿನ್ನ ಫೋನಿನ್ಯಾಗ ಎಲ್ಲಾ ಇರತೈತೆಲ್ಲ."

ನೋಡಿದೆ. ಗದಗ ದಾಟುವುದರೊಳಗೆ ನಾನು ವೈದ್ಯಕೀಯ ಪಂಡಿತನಾಗಿದ್ದೆ. "ಚಿಗವ್ವ, ಸಿಕ್ತು! ಕತ್ತರಿ ಇಲ್ಲ, ಸೂಜಿ ಇಲ್ಲ. ಹೊರಗಿಂದ ರೇಡಿಯೋ ಅಲೆ ಬಿಟ್ಟು ಗಡ್ಡಿನ್ನ ಕಾಯಿಸ್ತಾರಂತ. ನಲವತ್ತೆರಡು ಡಿಗ್ರಿ, ಒಂದು ತಾಸು. ಜ್ವರ ಬಂದಾಂಗ. ಗಡ್ಡಿ ಹೈರಾಣಾಗತೈತಿ, ಪಕ್ಕದ ಮಾಂಸಕ್ಕ ಏನೂ ಆಗಂಗಿಲ್ಲ."

ನೀನು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದೆ. ಕಾವು ಎಂದರೆ ನಿನ್ನ ಇಲಾಖೆ.

"ಹೊರಗಿಂದ ಕಾಯಿಸಿದ್ರ ಮೊದಲ ತೊಗಲು ಸುಡಂಗಿಲ್ಲೇನು?"

"ಅದಕ್ಕೇನೋ ವ್ಯವಸ್ಥಾ ಇರತೈತಿ ಬಿಡು."

"ರಗತ ಹರದಾಡತಿರತೈತೆಲ್ಲ, ಅದು ಕಾವು ಒಯ್ಯಂಗಿಲ್ಲೇನು? ಗಾಳಿ ಬಿಟ್ರ ನನ್ನ ಉಸುಕ ಆರತೈತಿ."

"ಚಿಗವ್ವ, ಅದು ಯಂತ್ರ. ನಿನ್ನ ಬಾಣಲಿ ಅಲ್ಲ."

"ಆತು. ಒಳಗ ಎಷ್ಟು ಕಾದೈತಿ ಅಂತ ಯಾರು ನೋಡ್ತಾರ? ಅಲ್ಲಿ ನಾಕು ಕಾಳು ಒಗ್ಯಾಕ ಬರತೈತೇನು?"

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಮುಂದಿನ ಸೀಟಿನವರು ಎದ್ದು ನೋಡಿದರು. ನೀನೂ ನಕ್ಕೆ. ಆದರೆ ನಿನ್ನದು ಉತ್ತರಕ್ಕೆ ಕಾಯುವವರ ನಗು. ನನ್ನದು ಮುಂದಿನ ಭಾನುವಾರದ ಅಂಕಣ ಸಿಕ್ಕವನ ನಗು.

ಬರೆದೆ. ಏನು ಬರೆದೆ! ಜಗತ್ತಿನ ವಿಜ್ಞಾನಿಗಳೆಲ್ಲ ಕೋಟು ಕಳಚಿ ಗಂಗಾವತಿಗೆ ಬಂದು ನಮ್ಮ ಚಿಗವ್ವನ ಮುಂದೆ ಮಣೆ ಹಾಕಿಕೊಂಡು ಕೂರಬೇಕೆಂದೂ, ಸರ್ಕಾರವು ತಾಲೂಕಿಗೊಂದು ಭಟ್ಟಿ ದವಾಖಾನೆ ತೆರೆಯಬೇಕೆಂದೂ, ರೋಗಿಗಳಿಗೆ ಡಿಸ್ಚಾರ್ಜ್ ಚೀಟಿಯ ಜೊತೆ ಒಂದು ಸೇರು ಮಂಡಾಳ, ಎರಡು ಮಿರ್ಚಿ ಭಜಿ ಉಚಿತವಾಗಿ ಕೊಡಬೇಕೆಂದೂ ಬರೆದೆ. ನಡುವೆ, ವಿಷಯ ತಿಳಿದವನ ಠೀವಿಗಾಗಿ, ಒಂದು ಗಂಭೀರ ವಾಕ್ಯ: "ನಲವತ್ತೆರಡು ಡಿಗ್ರಿ ಕಾವು ತಾಗಿದರೆ ಎಂಥ ಗಡ್ಡೆಯೂ ಹೈರಾಣಾಗುತ್ತದೆ ಎಂಬುದು ಈಗ ವಿಜ್ಞಾನವೇ ಒಪ್ಪಿದ ಮಾತು."

ನಿನಗೆ ಗೊತ್ತಿಲ್ಲದ ಸಂಗತಿ ಇನ್ನು ಮುಂದಿದೆ. ಆ ವಾಕ್ಯದ ಕೆಳಗೆ ಇನ್ನೊಂದು ಪ್ಯಾರಾ ಇತ್ತು ಚಿಗವ್ವ. ಬರೆಯುವ ಮೊದಲು, ನಿನ್ನ ಪ್ರಶ್ನೆಗಳು ಕಿವಿಯಲ್ಲಿದ್ದುದರಿಂದಲೇ, ಇನ್ನಷ್ಟು ಓದಿದ್ದೆ. ನಿನ್ನ ಮೂರೂ ಪ್ರಶ್ನೆಗಳಿಗೆ ಉತ್ತರ ಆ ಪ್ಯಾರಾದಲ್ಲಿತ್ತು. ಶನಿವಾರ ಸಂಪಾದಕರು ಫೋನು ಮಾಡಿದರು: "ಸರ್, ಒಂದು ಪ್ಯಾರಾ ಹೆಚ್ಚಾಗೈತ್ರಿ. ಬಾಜೂಕ ಜಾಹೀರಾತು ಕುಂತೈತಿ, ಅದನ್ನ ಸರಸಾಕ ಬರಂಗಿಲ್ಲ. ಏನರ ತಗೀರಿ."

ಮಿರ್ಚಿ ತೆಗೆಯಬಹುದಿತ್ತು. ಡಿಸ್ಚಾರ್ಜ್ ಚೀಟಿ ತೆಗೆಯಬಹುದಿತ್ತು. ಎಲ್ಲಿ ನಗು ಇಲ್ಲವೋ ಅದನ್ನು ತೆಗೆಯುವುದು ನನ್ನ ಕಸುಬಿನ ಮೊದಲ ಪಾಠ. ಆ ಪ್ಯಾರಾದಲ್ಲಿ ನಗು ಇರಲಿಲ್ಲ. ತೆಗೆಸಿದೆ. ನಿನಗೆ ಫೋನು ಮಾಡಿ ಹೇಳೋಣ ಎಂದುಕೊಂಡೆ. ಆಮೇಲೆ...

ಆಮೇಲೆ ಏನು? ಆಮೇಲೆ ಮೆಚ್ಚುಗೆ. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವನೊಬ್ಬ ಅಡ್ಡ ಬಂದು, "ಏನ್ ಸರ್, ಭಟ್ಟಿ ದವಾಖಾನಿ ಯಾವಾಗ ಓಪನಿಂಗು? ನಮ್ಮ ಮಾವನ್ನ ಅಡ್ಮಿಟ್ ಮಾಡೂದೈತಿ" ಎಂದ. ಯಲಬುರ್ಗಾದ ಒಂದು ಮದುವೆಯಲ್ಲಿ ಬೀಗರು ಅಂಕಣವನ್ನು ಬಾಯಿಪಾಠ ಒಪ್ಪಿಸಿದರು. ನಾನು ಎರಡು ವಾರ ನೆಲಕ್ಕೆ ಕಾಲಿಡಲಿಲ್ಲ. ನಿನಗೆ ಫೋನು ಮಾಡಿದೆ, ಮಾಡಲಿಲ್ಲ ಎಂದಲ್ಲ. "ಓದಿದೇನು?" ಎಂದು ಕೇಳಿದೆ. "ಓದೇನೋ. ಎರಡು ಸಲ ಓದೇನಿ" ಎಂದೆ ನೀನು. ಎರಡು ಸಲ! ನಾನು ಅದನ್ನೂ ಮೆಚ್ಚುಗೆಯ ಲೆಕ್ಕಕ್ಕೇ ಹಾಕಿಕೊಂಡೆ.

ಗುರುತು ಹಾಕುವ ದಿನ ಬಂತು. ನಾಗರಪಂಚಮಿ ಹತ್ತಿರ ಬಂದಿತ್ತು, ಭಟ್ಟಿಗೆ ಬಿಡುವಿಲ್ಲದ ಕಾಲ, ಆದರೂ ನೀನು ಇಳಕಲ್ ಸೀರೆ ಉಟ್ಟು, ನನಗೆಂದು ಮಂಡಾಳದ ಚೀಲ ಹಿಡಿದುಕೊಂಡು, ಬೆಳಿಗ್ಗೆಯೇ ತಯಾರಾಗಿ ನಿಂತಿದ್ದೆ. ದವಾಖಾನೆಯಲ್ಲಿ ಪರದೆಯ ಆಚೆ ನಿನ್ನನ್ನು ಮಲಗಿಸಿದರು. ಸುಮಿ ಒಳಗೆ, ನಾನು ಹೊರಗೆ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನ ದನಿ ಕೇಳಿತು. "ಇದೇನವ್ವಾ ಇದು?"

ಪರದೆ ಸರಿಸಿ ನನ್ನನ್ನೂ ಕರೆದರು. ತೊಡೆಯ ಮೇಲೆ ಒಂದು ಅಂಗೈ ಅಗಲ ಚರ್ಮ ಕಂದಿತ್ತು. ನಡುವೆ ಬೊಬ್ಬೆ, ಒಡೆದ ಬೊಬ್ಬೆ, ಅದರ ಮೇಲೆ ಮತ್ತೆ ಬೊಬ್ಬೆ. ಅದು ಒಂದು ದಿನದ್ದಲ್ಲ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ಭಟ್ಟಿಯವರ ಮನೆಯ ಪದ್ಧತಿ ನನಗೇನು ಹೊಸದೇ? ಸೊಂಟ ಹಿಡಿದರೆ, ಕಾಲು ಉಳುಕಿದರೆ, ಅಂದಿನ ಹುರಿಯುವುದು ಮುಗಿದ ಮೇಲೆ ಬಾಣಲೆಯ ಉಸುಕನ್ನು ಹಳೇ ಧೋತರದಲ್ಲಿ ಗಂಟು ಕಟ್ಟಿ ಒತ್ತುವುದು. ನನ್ನ ಹೊಟ್ಟೆನೋವಿಗೂ ನೀನು ಇಟ್ಟಿದ್ದೆ. ಅಂಕಣ ಬಂದ ದಿನದಿಂದ ನೀನು ಗಡ್ಡೆಗೆ ಉಸುಕಿನ ಗಂಟು ಇಟ್ಟುಕೊಂಡಿದ್ದೆ. ಕಾವು ಒಳಗೆ ಇಳಿಯಲಿ ಎಂದು ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು.

"ಯಾರು ಹೇಳಿದ್ರವ್ವಾ ಹಿಂಗ ಮಾಡು ಅಂತ?" ಎಂದರು ಡಾಕ್ಟರಮ್ಮ.

ನೀನು ನನ್ನ ಕಡೆ ನೋಡಿದೆ. ಒಂದೇ ಕ್ಷಣ. ಆಮೇಲೆ ಸೂರಿನ ಕಡೆ ನೋಡುತ್ತ ಹೇಳಿದೆ: "ಯಾರೂ ಹೇಳಿಲ್ರಿ. ಭಟ್ಟಿ ಮುಂದ ಕುಂತಿದ್ದೆ, ಉಸುಕು ಚೆಲ್ಲಿತ್ರಿ."

ಚೆಲ್ಲಿದ ಉಸುಕು ದುಂಡಗೆ, ಸರಿಯಾಗಿ ಗಡ್ಡೆಯ ನೆತ್ತಿಯ ಮೇಲೆ, ದಿನಕ್ಕೊಂದು ಸಲ ಚೆಲ್ಲುತ್ತದೆಯೇ? ನಾನು ಆಗ ಏನು ಮಾಡಿದೆ ಗೊತ್ತಲ್ಲ? ಬಾಯಿ ಬಿಟ್ಟೆ. "ಡಾಕ್ಟ್ರೇ, ಇದು ಕಾರ್ಖಾನೆಯೊಳಗಿನ ಅಪಘಾತ. ಮಾಲಕರ ಮ್ಯಾಲ ಕೇಸು ಹಾಕಬೇಕಂದ್ರ ಮಾಲಕರೂ ಇವರ" ಎಂದೆ. ಡಾಕ್ಟರಮ್ಮ ನಗಲಿಲ್ಲ. ನೀನು ನಕ್ಕೆ. ನಾನು ಪಾರಾಗಲಿ ಎಂದು ನಕ್ಕೆ. ಗಾಯದ ಮೇಲೆ ಕರೆಂಟು ಕೊಡಲು ಬರುವುದಿಲ್ಲ, ಮಾಯಬೇಕು ಎಂದರು. ಮಾಯಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ನಿನ್ನ ಗಡ್ಡೆಗೆ ಯಾವ ರಜೆಯೂ ಇರಲಿಲ್ಲ.

ಮುಂದಿನದು ನಿನಗೇ ಗೊತ್ತು. ಕರೆಂಟು ಆಯಿತು, ನೀನು ಹೆದರಿದ್ದ ಆಪರೇಷನ್ನೂ ಆಯಿತು, ಅದು ಮುಗಿದ ಮೇಲೆ "ಇಷ್ಟ ಏನೋ? ಇದಕ್ಕ ಅಂಜಿದ್ನೇನು?" ಎಂದು ಕೇಳಿದವಳು ನೀನು. ಆದರೆ ಅಷ್ಟರಲ್ಲಿ ಗಡ್ಡೆಯ ರೋಗ ಶ್ವಾಸಕೋಶಕ್ಕೆ ಹೋಗಿಯಾಗಿತ್ತು. ನೀನು ಹೋದ ಮೇಲೆ ಒಂದು ದಿನ ಡಾಕ್ಟರಮ್ಮನ ಕೊಠಡಿಯ ಮುಂದೆ ಪಾಳಿ ಹಚ್ಚಿ ನಿಂತು ಕೇಳಿದೆ: ಆ ಮೂರು ವಾರದಿಂದಲೇ ಏನಾದರೂ? ಅವರು ಪೆನ್ನು ಕೆಳಗಿಟ್ಟರು. "ಅದರಿಂದನೇ ಅಂತ ನಾನು ಹೇಳೋಕಾಗಲ್ಲ. ಅಲ್ಲ ಅಂತನೂ ಹೇಳೋಕಾಗಲ್ಲ." ಒಂದು ಹೌದೋ ಒಂದು ಅಲ್ಲವೋ ಸಿಕ್ಕಿದ್ದರೆ ಅದನ್ನು ಹೊತ್ತುಕೊಂಡು ಹೇಗೋ ನಡೆಯುತ್ತಿದ್ದೆ. ಎರಡರ ನಡುವಿನದನ್ನು ಎಲ್ಲಿ ಹಿಡಿದು ಎತ್ತಬೇಕೋ ಇನ್ನೂ ತಿಳಿದಿಲ್ಲ.

ನಿನ್ನ ದಿನಕರ್ಮ ಮುಗಿದ ವಾರ ಸುಮಿ ಉಪ್ಪಿನ ಡಬ್ಬಿ ತೊಳೆಯಲು ತೆಗೆದಳಂತೆ. ಮುಚ್ಚಳದ ಒಳಗೆ ನಾಲ್ಕು ಮಡಿಕೆಯ ಪೇಪರು. ತಂದು ನನ್ನ ಮುಂದಿಟ್ಟಳು. ನನ್ನ ಅಂಕಣ. ಮಣೆ ಹಾಕಿಕೊಂಡು ಕೂತ ವಿಜ್ಞಾನಿಗಳಿಗೆ ಗೆರೆ ಇಲ್ಲ, ಮಿರ್ಚಿಗೆ ಗೆರೆ ಇಲ್ಲ. ನಲವತ್ತೆರಡು ಡಿಗ್ರಿಯ ಆ ಒಂದು ವಾಕ್ಯದ ಕೆಳಗೆ ಮಾತ್ರ ಇದ್ದಿಲಿನಿಂದ ಎಳೆದ ದಪ್ಪ ಗೆರೆ.

"ನೋಡಪಾ ಪೇಪರಪ್ಪ," ಎಂದಳು ಸುಮಿ, "ನಿನ್ನ ಬರಹಾನ ನಗಲಾರದಂಗ ಓದಿದಾಕಿ ಒಬ್ಬಾಕಿ ಇದ್ಲು."

ಊರೆಲ್ಲ ನಿನ್ನನ್ನು ನೋಡಿ ನಗುವಂತೆ ಮಾಡಿದೆ. ಆದರೂ ನೀನು ಅದರಲ್ಲಿ ನನ್ನ ಮಾತೊಂದನ್ನು ಹುಡುಕಿ ನಂಬಿದೆಯಲ್ಲ, ಯಾಕೆ ಚಿಗವ್ವ? ಅಕ್ಕನ ಮಗ ಎಂದೋ? ಅಚ್ಚಾದದ್ದು ಎಂದೋ?

ಮೂರು ತಿಂಗಳ ಹಿಂದೆ ಬೇರೆ ಕೆಲಸಕ್ಕೆ ದೂರದ ಒಂದು ದೊಡ್ಡ ಊರಿಗೆ ಹೋಗಿದ್ದೆ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಆ ಯಂತ್ರ ಇದೆ ಎಂದು ಕೇಳಿ, ಗಂಟೆಗಟ್ಟಲೆ ಕಾದು, ಅದನ್ನು ನಡೆಸುವವರನ್ನು ಕಂಡೆ. ಕನ್ನಡದವರೇ, ಶಾಂತ ಮನುಷ್ಯ. ನಿನ್ನ ಮೂರು ಪ್ರಶ್ನೆಗಳನ್ನು ನಿನ್ನ ಕ್ರಮದಲ್ಲೇ ಕೇಳಿದೆ. ತೊಗಲು ಸುಡದಿರಲಿ ಎಂದು ಯಂತ್ರಕ್ಕೂ ಮೈಗೂ ನಡುವೆ ತಣ್ಣೀರು ತುಂಬಿದ ಚೀಲ ಇಡುತ್ತಾರಂತೆ. ಆದರೂ ಕೊಬ್ಬು ಬೇಗ ಕಾದು ರೋಗಿ ನೋವು ಎನ್ನುತ್ತಾನೆ, ಆಗ ಉರಿ ಹಿಂದಕ್ಕೆಳೆಯಬೇಕು. ಗಡ್ಡೆಗೆ ಬೇಕಾದಷ್ಟು ಕಾವು ಸಿಕ್ಕಿರುವುದಿಲ್ಲ. ರಕ್ತ ಕಾವನ್ನು ಒಯ್ಯುವುದು ನಿಜ. ಒಂದೇ ಗಡ್ಡೆಯಲ್ಲಿ ಒಂದು ಮೂಲೆ ಕಾದರೆ ಇನ್ನೊಂದು ತಣ್ಣಗಿರುತ್ತದೆ. ನಿನ್ನದರಂಥ ಆಳದ ಗಡ್ಡೆಗೆ ಬೇರೆಯದೇ ದೊಡ್ಡ ಯಂತ್ರ ಬೇಕು, ಅದು ತಮ್ಮಲ್ಲಿಲ್ಲ ಎಂದರು. ಮೈಯೊಳಗೆ ಲೋಹದ ಪಟ್ಟಿಯೋ ಹೃದಯದ ಯಂತ್ರವೋ ಇದ್ದವರನ್ನು ಸಾಮಾನ್ಯವಾಗಿ ಹತ್ತಿರವೇ ಬಿಡುವುದಿಲ್ಲವಂತೆ. ಇನ್ನು ಒಳಗಿನ ಕಾವು? "ಅದೇ ನಮ್ಮ ದೊಡ್ಡ ತಲೆನೋವು. ಕೂದಲಿನಂಥ ತಂತಿ ತೂರಿಸಿ ನೋಡ್ತೀವಿ. ತಂತಿ ಇದ್ದ ಕಡೆ ಗೊತ್ತಾಗತ್ತೆ. ಮಿಕ್ಕಿದ ಕಡೆ ಅಂದಾಜು. ತಂತಿ ಹಾಕದೇ ನೋಡೋ ದಾರೀನೂ ಇದೆ, ಆದ್ರೆ ಅದು ಇನ್ನೂ ಎಲ್ಲ ಕಡೆ ಬಂದಿಲ್ಲ."

ನಾಲ್ಕು ಕಾಳು ಒಗೆಯುತ್ತಾರೆ ಚಿಗವ್ವ. ನೀನು ಹೇಳಿದ್ದೇ.

"ಸರಿಯಾದ ಪ್ರಶ್ನೆ ಕೇಳ್ತಿದ್ದೀರಿ. ಎಂಜಿನಿಯರಾ?" ಎಂದರು.

"ನನ್ನವಲ್ರಿ. ನಮ್ಮ ಚಿಗವ್ವಂದು. ಗಂಗಾವತಿಯೊಳಗ ಮಂಡಾಳ ಭಟ್ಟಿ ಐತ್ರಿ."

ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಒಂದ್ಸಲ ಕರ್ಕೊಂಡು ಬನ್ನಿ ಅವರನ್ನ. ಯಂತ್ರ ತೋರಿಸ್ತೀನಿ" ಎಂದರು.

"ಹೂಂರಿ" ಎಂದೆ.

ಇಲ್ಲಿಯವರೆಗೆ ಬರೆದು, ಆ ಪ್ಯಾರಾದೊಂದಿಗೆ ಪತ್ರಿಕೆಗೆ ತೋರಿಸುವಷ್ಟರಲ್ಲಿ ನಾಲ್ಕು ದಿನ ಕಳೆದು ಗಾದಿ ಒಣಗಿದೆ. ಬರುವ ಭಾನುವಾರ ಅಂಕಣದ ಜಾಗದಲ್ಲಿ ಈ ಕಾಗದವೇ ಬರುತ್ತದೆ. ತೆಗೆಸಿದ್ದ ಪ್ಯಾರಾ ಇದರಲ್ಲಿರುತ್ತದೆ. ಸಂಪಾದಕರು ಓದಿ, "ಸರ್, ಈ ಪ್ಯಾರಾದಾಗ ನಗು ಎಲ್ಲೈತ್ರಿ?" ಎಂದರು. ಇಲ್ಲ ಎಂದೆ. ಒಂದು ಪ್ಯಾರಾ ಹೆಚ್ಚಾದರೆ ಉಳಿದದ್ದನ್ನೆಲ್ಲ ತೆಗೆಯಿರಿ, ಬಿಸಿನೀರಿನ ಚೀಲವನ್ನೂ ತೆಗೆಯಿರಿ, ಅದೊಂದನ್ನು ಬಿಡಿ ಎಂದೆ. ನಿನ್ನ ಉಸುಕಿನ ಗಂಟಿನ ಕಥೆಯಾದ ಮೇಲೆ ಕೊನೆಯ ಎರಡು ವಾಕ್ಯ ಸೇರಿಸಿದ್ದೇನೆ, ಉಳಿದದ್ದು ಅಂದಿನದೇ. ಇಗೋ:

"ಈ ಕಾವಿನ ಚಿಕಿತ್ಸೆಯನ್ನು ಕರೆಂಟಿನ ಬದಲು ಕೊಡುವುದಿಲ್ಲ. ಕರೆಂಟಿನ ಅಥವಾ ಔಷಧಿಯ ಜೊತೆಗೆ, ಅವುಗಳ ಕೆಲಸಕ್ಕೆ ಬಲವಾಗಲಿ ಎಂದು, ಕೆಲವು ಬಗೆಯ ಗಡ್ಡೆಗಳಿಗೆ ಮಾತ್ರ ಕೊಡುತ್ತಾರೆ. ಹೊರಗಿನ ಕಾವು ಆಳಕ್ಕೆ ಇಳಿಯುವ ಮೊದಲು ತೊಗಲನ್ನೂ ಕೊಬ್ಬನ್ನೂ ಸುಡಬಲ್ಲದು. ಹರಿಯುವ ರಕ್ತ ಅದನ್ನು ಹೊತ್ತೊಯ್ಯುತ್ತದೆ. ಒಳಗೆ ಎಷ್ಟು ಕಾದಿದೆ ಎಂದು ಅಳೆಯುವುದು ಯಂತ್ರವಿದ್ದವರಿಗೂ ಕಷ್ಟ. ಅಂಥ ಯಂತ್ರವಿರುವ ಊರುಗಳು ಬಹಳ ಕಡಿಮೆ. ಮನೆಯಲ್ಲಿ ಯಾರೂ ಗಡ್ಡೆಗೆ ಶಾಖ ಕೊಟ್ಟುಕೊಳ್ಳಬೇಡಿ. ವೈದ್ಯರು ಕೊಟ್ಟ ತಾರೀಖನ್ನು ತಪ್ಪಿಸಬೇಡಿ."

ಅಷ್ಟೇ ಚಿಗವ್ವ. ಓದಲು ಒಂದು ನಿಮಿಷ ಸಾಕು. ಇದನ್ನು ಫೋನಿನಲ್ಲಿ ಹೇಳಲು ಅಷ್ಟೂ ಬೇಕಿರಲಿಲ್ಲ.

ಅಚ್ಚಾಗುವ ಮೊದಲು ಸುಮಿಗೆ ಗೊತ್ತಾಗಬೇಕಲ್ಲ. ಸೋಮವಾರ ಗಂಗಾವತಿಗೆ ಹೋದೆ. ನಿನ್ನ ಮಣೆಯ ಮೇಲೆ ಅವಳೇ ಕೂತಿದ್ದಳು, ಈಗ ಭಟ್ಟಿ ಅವಳದೇ. ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ: ಪ್ಯಾರಾ ಇತ್ತು, ನಾನೇ ತೆಗೆಸಿದೆ, ದವಾಖಾನೆಯಲ್ಲಿ ನೀನು ಸುಳ್ಳು ಹೇಳಿದ್ದು ನನ್ನನ್ನು ಉಳಿಸಲು, ಅದೂ ನನಗೆ ಅವತ್ತೇ ಗೊತ್ತಿತ್ತು. ಒಂದೂ ಚಟಾಕಿ ಹಾರಿಸದೆ ಇಷ್ಟು ಉದ್ದ ಮಾತಾಡಿದ್ದು ನನ್ನ ಜನ್ಮದಲ್ಲೇ ಮೊದಲು. ಸುಮಿ ನನ್ನ ಕಡೆ ನೋಡಲಿಲ್ಲ. ಮೊರದಿಂದ ನಾಲ್ಕು ಕಾಳು ತೆಗೆದು ಉಸುಕಿಗೆ ಒಗೆದಳು. ಕಾಳು ಸುಮ್ಮನೆ ಬಿದ್ದುಕೊಂಡವು.

"ಇನ್ನಾ ಕಾದಿಲ್ಲ," ಎಂದಳು. ಹೊಟ್ಟನ್ನು ಉರಿಗೆ ದೂಡಿ, ಕಾಲಿನಿಂದ ಇನ್ನೊಂದು ಮಣೆಯನ್ನು ನನ್ನ ಕಡೆ ತಳ್ಳಿದಳು. "ಕುಂಡ್ರು."

ಕೂತೆ. ಸಂಜೆಯ ಬಸ್ಸಿನವರೆಗೂ ಹೊಟ್ಟು ಹಾಕಿದೆ. ಪ್ರತಿ ಸೋಮವಾರ ಹೋಗುತ್ತೇನೆ ಎಂದು ನಿನಗೆ ಮಾತು ಕೊಡುತ್ತೇನೆ. ಕಾಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂರುತ್ತೇನೆ.

ನಿನ್ನಿಂದ ಒಂದು ಸಣ್ಣ ಕೆಲಸ ಆಗಬೇಕು. ನೀನಿರುವ ಕಡೆಯೂ ನಿನ್ನ ಕೈಗೆಟುಕುವಲ್ಲಿ ಒಂದು ಉಪ್ಪಿನ ಡಬ್ಬಿ ಇದ್ದೇ ಇರುತ್ತದೆ, ಅದರ ಮುಚ್ಚಳದೊಳಗೆ ನಾಲ್ಕು ಮಡಿಕೆಯ ಆ ಹಳೇ ಪೇಪರೂ ಇರುತ್ತದೆ. ಅದನ್ನು ತೆಗೆದು ಒಲೆಗೆ ಹಾಕು. ಆ ಜಾಗದಲ್ಲಿ ಇದನ್ನಿಡು. ಇದ್ದಿಲು ಕೈಯಲ್ಲಿದ್ದರೆ, ಪ್ಯಾರಾದ ಕೆಳಗೆ ಒಂದು ಗೆರೆ ಎಳಿ.

ನಿನ್ನ
ಪೇಪರಪ್ಪ